ಮೊದಲು ದನಿ, ಆಮೇಲೆ ಪರದೆ: ತರಬೇತಿ ವಿಡಿಯೊ ಸರಣಿ ಕಟ್ಟಿದ ಬಗೆ

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಸ್ಪ್ರೆಡ್‌ಶೀಟ್ ಕಲಿಸಲು ಒಂದು ವಿಡಿಯೊ ಸರಣಿ ಬೇಕಾಗಿತ್ತು. ಮುಖ ತೋರಿಸುವ ಅಗತ್ಯ ಇಲ್ಲ. ಪರದೆ ಕಾಣಬೇಕು, ಜೊತೆಗೆ ಒಂದು ದನಿ ಹೇಳಿಕೊಡಬೇಕು, ಅಷ್ಟೇ. ನೋಡುವವರಲ್ಲಿ ಹೆಚ್ಚಿನವರು ಬಿಡುವು ಸಿಕ್ಕಾಗ ಮೊಬೈಲ್‌ನಲ್ಲೇ ನೋಡುತ್ತಾರೆ. ಆ ಸರಣಿ ಕಟ್ಟಿದ ಕ್ರಮ, ನಡುವೆ ಕೈಕೊಟ್ಟ ಸಂಗತಿಗಳು, ಅವನ್ನು ಸರಿಮಾಡಿದ ರೀತಿ ಎಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಸಲಕರಣೆ ಜಾಸ್ತಿ ಏನಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಸಾಫ್ಟ್‌ವೇರ್ ಎಲ್ಲವೂ ಪುಕ್ಕಟೆ. ಪರದೆ ಹಿಡಿಯಲು ಒಬಿಎಸ್ ಸ್ಟುಡಿಯೊ, ದನಿಗೆ ಆಡಾಸಿಟಿ, ಜೋಡಿಸಲು ಕೆಡೆನ್‌ಲೈವ್, ಕೊನೆಯ ಫೈಲ್ ತೆಗೆಯಲು ಎಫ್‌ಎಫ್‌ಎಂಪೆಗ್. ಪಾಠ ಮಾಡುವುದು ಲಿಬ್ರೆಆಫೀಸ್ ಕ್ಯಾಲ್ಕ್ ಮೇಲೆ.

ಇಂಥ ವಿಡಿಯೊ ಮಾಡುವವರು ಸಾಮಾನ್ಯವಾಗಿ ರೆಕಾರ್ಡ್ ಒತ್ತಿ, ಮೌಸ್ ಆಡಿಸುತ್ತಾ ಮಾತಾಡುತ್ತಾ ಹೋಗುತ್ತಾರೆ. ನಾನು ಅದನ್ನು ಶುರುವಿನಲ್ಲೇ ಕೈಬಿಟ್ಟೆ. ಕೈ ಮೆನು ಹುಡುಕುತ್ತಿರುವಾಗ ಬಾಯಿ "ಈಗ... ಇಲ್ಲಿ... ಹಾಂ..." ಅನ್ನುತ್ತದೆ. ಮಾತು ಚೆನ್ನಾಗಿ ಬಂದ ಕಡೆ ಮೌಸ್ ತಪ್ಪು ಜಾಗಕ್ಕೆ ಹೋಗಿರುತ್ತದೆ. ಎರಡೂ ಒಂದೇ ಟೇಕ್‌ನಲ್ಲಿ ಸರಿ ಬರಬೇಕು ಅಂದರೆ ಅದೃಷ್ಟ ಬೇಕು. ಇನ್ನೊಂದು ಕಾರಣವೂ ಇದೆ. ಚಿತ್ರವನ್ನು ಹಿಗ್ಗಿಸಬಹುದು. ಒಂದು ಫ್ರೇಮನ್ನು ಮೂರು ಸೆಕೆಂಡ್ ಹಾಗೇ ನಿಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ದನಿಯನ್ನು ಮೂರು ಸೆಕೆಂಡ್ ಎಳೆದು ನೋಡಿ, ಮಗು ಕೂಡ ಕಂಡುಹಿಡಿಯುತ್ತದೆ. ಹಾಗಾಗಿ ಬಗ್ಗುವುದನ್ನು ಬಗ್ಗದ್ದಕ್ಕೆ ಹೊಂದಿಸಬೇಕು. ಮೊದಲು ಸ್ಕ್ರಿಪ್ಟ್, ಆಮೇಲೆ ದನಿ, ಆ ದನಿಯನ್ನು ಕೇಳಿಕೊಂಡು ಪರದೆ. ಮುಂದಿನದ್ದೆಲ್ಲ ಈ ಕ್ರಮದ ಮೇಲೇ ನಿಂತಿದೆ.

ಸ್ಕ್ರಿಪ್ಟ್

ಪಾಠದ ಉದ್ದ ಎಷ್ಟಿರಬೇಕು ಅನ್ನುವುದಕ್ಕೆ ಒಂದು ಒಳ್ಳೆ ಆಧಾರ ಇದೆ. ಆನ್‌ಲೈನ್ ಕೋರ್ಸ್ ನಡೆಸುವ ಎಡ್‌ಎಕ್ಸ್‌ನ ನಾಲ್ಕು ಕೋರ್ಸ್‌ಗಳಲ್ಲಿ ಜನ ವಿಡಿಯೊ ನೋಡಿದ ಸುಮಾರು 69 ಲಕ್ಷ ದಾಖಲೆಗಳನ್ನು ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ವಿಶ್ಲೇಷಿಸಿದ್ದರು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ಗಮನ ಕೊಟ್ಟು ನೋಡಿದ ಸಮಯದ ಮಧ್ಯಮ ಮೌಲ್ಯ ಆರು ನಿಮಿಷ ದಾಟಲಿಲ್ಲ. ನಾನು ಇದನ್ನು ಕಟ್ಟಳೆ ಅಂತ ಹಿಡಿದುಕೊಂಡಿಲ್ಲ. ಆದರೆ ಒಂದು ಪಾಠ ಆರು ನಿಮಿಷ ಮೀರಿದರೆ, ಅದರಲ್ಲಿ ಎರಡು ಪಾಠ ಸೇರಿಕೊಂಡಿವೆ ಎಂದೇ ಅರ್ಥ.

ವಿ-ಲುಕಪ್ ಪಾಠದಲ್ಲಿ ಹಾಗೇ ಆಗಿತ್ತು. ಈ ಫಾರ್ಮುಲಾಗೆ ನಾಲ್ಕು ಸಂಗತಿ ಕೊಡಬೇಕು: ಏನನ್ನು ಹುಡುಕಬೇಕು, ಯಾವ ಪಟ್ಟಿಯಲ್ಲಿ, ಎಷ್ಟನೇ ಕಾಲಮ್‌ನಿಂದ ಉತ್ತರ ತರಬೇಕು, ಪಟ್ಟಿ ವಿಂಗಡಿಸಿದ್ದಾ ಇಲ್ಲವಾ. ನಾಲ್ಕನೆಯದನ್ನು ಖಾಲಿ ಬಿಟ್ಟರೆ, ಪಟ್ಟಿ ವಿಂಗಡಿಸಿಯೇ ಇದೆ ಅಂತ ಕ್ಯಾಲ್ಕ್ ನಂಬಿಬಿಡುತ್ತದೆ. ಪಟ್ಟಿ ಹಾಗಿರದಿದ್ದರೆ ಎರರ್ ಕೂಡ ತೋರಿಸದೆ ಸುಮ್ನೆ ತಪ್ಪು ಬೆಲೆ ತಂದು ಕೂರಿಸಬಹುದು. ಅಲ್ಲಿ ಸೊನ್ನೆ (ಅಂದರೆ ಪಟ್ಟಿ ವಿಂಗಡಿಸಿಲ್ಲ) ಯಾಕೆ ಬರೆಯಬೇಕು ಅನ್ನುವುದೇ ಒಂದು ಪಾಠ. ಅದನ್ನು ಬೇರೆ ಮಾಡಿದೆ.

ಸ್ಕ್ರಿಪ್ಟ್ ಹಾಳೆಯಲ್ಲಿ ಎರಡು ಕಾಲಮ್. ಎಡಕ್ಕೆ ಹೇಳುವ ಮಾತು, ಬಲಕ್ಕೆ ಆ ಹೊತ್ತಿಗೆ ಪರದೆಯಲ್ಲಿ ಏನು ಆಗಬೇಕು ಅನ್ನುವುದು. ಬಲಗಡೆ ಖಾಲಿ ಉಳಿದ ಸಾಲು ಕಂಡರೆ ಅಲ್ಲಿ ಬರೀ ಮಾತು ನಡೆದಿದೆ ಎಂದು ಗೊತ್ತಾಗುತ್ತದೆ. ಅಂಥ ಸಾಲುಗಳಲ್ಲಿ ಅರ್ಧಕ್ಕರ್ಧ ಕಿತ್ತುಹಾಕಬಹುದಾದವು.

ಭಾಷೆಯ ಮೇಲೆ ಜಾಸ್ತಿ ಹೊತ್ತು ಹೋಯಿತು. ಕರಡಿನಲ್ಲಿ ಇಂಥ ಸಾಲುಗಳಿದ್ದವು: "ಬಳಕೆದಾರರು ತಮಗೆ ಬೇಕಾದ ಕೋಶವನ್ನು ಆಯ್ಕೆ ಮಾಡಿದ ನಂತರ ಸೂತ್ರವನ್ನು ನಮೂದಿಸಬೇಕಾಗುತ್ತದೆ." ಓದಲು ಅಡ್ಡಿಯಿಲ್ಲ, ಕಿವಿಗೆ ಮಾತ್ರ ಸರ್ಕಾರಿ ಸುತ್ತೋಲೆ. ಕೊನೆಗೆ ಉಳಿದದ್ದು: "ಇ2 ಸೆಲ್ ಮೇಲೆ ಕ್ಲಿಕ್ ಮಾಡಿ. ಅಲ್ಲೇ ಫಾರ್ಮುಲಾ ಟೈಪ್ ಮಾಡೋಣ." ಬಹುಮಾಧ್ಯಮ ಕಲಿಕೆಯ ಬಗ್ಗೆ ದಶಕಗಳ ಕಾಲ ಪ್ರಯೋಗ ಮಾಡಿದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಕೂಡ ಇದನ್ನೇ ಹೇಳುತ್ತಾರೆ. ಎದುರಿಗೆ ಕೂತವರ ಜೊತೆ ಮಾತಾಡುವ ಹಾಗೆ ಹೇಳಿದರೆ ಕಲಿಕೆ ಚೆನ್ನಾಗಿ ಆಗುತ್ತದೆ. ಪರದೆ ಮೇಲೆ ಯಾವ ಪದ ಕಾಣುತ್ತದೋ ದನಿಯಲ್ಲೂ ಅದೇ ಇರಲಿ. ಮೆನುವಿನಲ್ಲಿ ಡೇಟಾ ಅಂತ ಇದ್ದರೆ ಡೇಟಾ ಅಂತಲೇ ಹೇಳಬೇಕು.

ಮೇಯರ್ ಹೇಳುವ ಇನ್ನೊಂದು ಮಾತನ್ನು ತರಬೇತಿ ವಿಡಿಯೊ ಮಾಡುವವರು ಸಾಮಾನ್ಯವಾಗಿ ಮೀರುತ್ತಾರೆ. ಚಿತ್ರ ಮತ್ತು ದನಿ ಎರಡೂ ಇರುವಾಗ, ದನಿ ಹೇಳುತ್ತಿರುವ ವಾಕ್ಯವನ್ನೇ ಪರದೆ ಮೇಲೂ ಪೂರ್ತಿ ಬರೆದರೆ ಕಲಿಯುವವರಿಗೆ ಹೊರೆ. ಕಣ್ಣು ಅಕ್ಷರ ಓದಲೋ, ಮೌಸ್ ನೋಡಲೋ? ಹಾಗಾಗಿ ಪರದೆ ಮೇಲೆ ವಾಕ್ಯಗಳಿಲ್ಲ. ಫಾರ್ಮುಲಾದ ಯಾವ ಭಾಗದ ಬಗ್ಗೆ ಮಾತು ನಡೆದಿದೆಯೋ ಅದರ ಸುತ್ತ ಒಂದು ಚೌಕ ಮಾತ್ರ.

ಕೋಣೆ ಮತ್ತು ಮೈಕ್

ಮೈಕ್‌ಗೆ ದುಡ್ಡು ಸುರಿಯುವ ಮೊದಲು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಸದ್ದಿನ ಹಿಂದೆ "ಟ್ರ್‌ರ್" ಅನ್ನುವ ಬಾಲ ಕೇಳಿದರೆ, ಎದುರುಬದುರು ಬರಿಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ ಎಂದರ್ಥ. ಎಷ್ಟು ಒಳ್ಳೆ ಮೈಕ್ ತಂದರೂ ಅದು ಆ ಬಾಲವನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ರೆಕಾರ್ಡ್ ಆದ ಮೇಲೆ ಪ್ರತಿಧ್ವನಿ ತೆಗೆಯುವುದು ಬಹಳ ಕಷ್ಟ. ಫ್ಯಾನಿನ ಸದ್ದಾದರೂ ಒಂದಷ್ಟು ಹೋಗುತ್ತದೆ, ಇದು ಹೋಗುವುದಿಲ್ಲ.

ನಾನು ಆರಿಸಿಕೊಂಡದ್ದು ಬಟ್ಟೆ ತುಂಬಿದ ಬೀರು ಇರುವ ಚಿಕ್ಕ ಕೋಣೆ. ಬೀರು ಬಾಗಿಲು ತೆಗೆದು, ಅದಕ್ಕೆ ಬೆನ್ನು ಹಾಕಿ ಕೂರುವುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಕಾರ್ಡಿಯಾಯ್ಡ್ ಮೈಕ್ ಮುಂದಿನ ಸದ್ದನ್ನು ಹಿಡಿಯುತ್ತದೆ, ಬೆನ್ನಿನ ಕಡೆಯದನ್ನು ಬಹುಪಾಲು ಬಿಡುತ್ತದೆ. ಮೈಕ್‌ನ ಮುಖ ಇರುವುದು ನಿಮ್ಮ ಕಡೆಗೆ, ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಯ ಕಡೆಗೆ. ದಪ್ಪ ರಗ್ಗು, ಕಂಬಳಿ ನೇತುಹಾಕಬೇಕಾದ್ದು ಆ ಗೋಡೆಗೆ. ಸುಮಾರು ಜನ ಮೈಕ್‌ನ ಹಿಂದುಗಡೆ ಫೋಮ್ ಅಂಟಿಸುತ್ತಾರೆ. ಅದರಿಂದ ಸಿಗುವುದು ಕಡಿಮೆ. ಲ್ಯಾಪ್‌ಟಾಪ್‌ನ ಫ್ಯಾನ್ ಸದ್ದು ಮಾಡುತ್ತಿದ್ದರೆ ಅದನ್ನು ಮೈಕ್‌ನ ಬೆನ್ನಿನ ಕಡೆ ಇಡಿ.

ಬಾಯಿಗೂ ಮೈಕ್‌ಗೂ ಒಂದು ಗೇಣು ದೂರ. ಇನ್ನೂ ಹತ್ತಿರ ಹೋದರೆ ತಗ್ಗು ಸ್ವರಗಳು ಉಬ್ಬಿ ದನಿ ಗಡಸಾಗುತ್ತದೆ. ಇಂಥ ಮೈಕ್‌ಗಳ ಸ್ವಭಾವವೇ ಹಾಗೆ. ರೇಡಿಯೊ ದನಿ ಬಂತು ಅಂತ ಖುಷಿಯಾಗಬಹುದು, ಆದರೆ ತಲೆ ಸ್ವಲ್ಪ ಅಲುಗಿದರೂ ದನಿಯ ಬಣ್ಣ ಬದಲಾಗುತ್ತಾ ಹೋಗುತ್ತದೆ. ಪಾಠಕ್ಕೆ ಅದು ಬೇಡ.

ಕನ್ನಡದಲ್ಲಿ ಓದುವವರು ಪಕಾರ, ಬಕಾರಗಳ ಜೊತೆ ಫ, ಭಗಳನ್ನೂ ನೋಡಿಕೊಳ್ಳಬೇಕು. "ಭರ್ತಿ ಮಾಡಿ" ಅಂದಾಗ ಹೊರಡುವ ಗಾಳಿ ನೇರ ಮೈಕ್‌ಗೆ ಬಡಿದು "ಧಪ್" ಅನ್ನುತ್ತದೆ. ಮೈಕ್ ಮುಂದೆ ಜಾಲರಿಯಂಥ ಪಾಪ್ ಫಿಲ್ಟರ್ ಇಡುವುದು ಒಂದು ದಾರಿ. ಅದಿಲ್ಲದಿದ್ದರೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ, ತುಸು ಪಕ್ಕಕ್ಕೆ ಸರಿಸಿ ಬಾಯಿಯ ಕಡೆ ತಿರುಗಿಸಿ. ಗಾಳಿ ಪಕ್ಕದಿಂದ ಹೋಗಿಬಿಡುತ್ತದೆ, ದನಿ ಮಾತ್ರ ಸಿಗುತ್ತದೆ. ನಾನು ಎರಡನ್ನೂ ಮಾಡಿದ್ದೆ.

ಆಡಾಸಿಟಿಯಲ್ಲಿ ಮೊನೊ (ಒಂದೇ ಚಾನೆಲ್), 48,000 ಹರ್ಟ್ಸ್, ಅಂದರೆ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಬರೆದಿಡುವುದು. ಸಿಡಿಗಳ 44,100 ಬೇಡ, ವಿಡಿಯೊ ಲೋಕದ ಲೆಕ್ಕ 48,000. ಜೋರಾಗಿ ಹೇಳಿದ ಮಾತು ಕೂಡ ಮೀಟರ್‌ನಲ್ಲಿ ಮೈನಸ್ 12ರಿಂದ ಮೈನಸ್ 6 ಡಿಬಿ (ಡೆಸಿಬೆಲ್) ನಡುವೆ ನಿಲ್ಲುವಂತೆ ಗೇನ್, ಅಂದರೆ ಮೈಕ್ ದನಿಯನ್ನು ಏರಿಸುವ ಮಟ್ಟ, ಇಟ್ಟೆ. ಮೀಟರ್‌ನ ತುತ್ತತುದಿಯಾದ ಸೊನ್ನೆ ಮುಟ್ಟಿ ಕತ್ತರಿಸಿಹೋದ ದನಿ ಒಡೆದಂತೆ ಕೇಳುತ್ತದೆ, ಅದನ್ನು ಮತ್ತೆ ನೆಟ್ಟಗೆ ಮಾಡಲು ಬರುವುದಿಲ್ಲ. ದನಿ ಕಡಿಮೆ ಇದ್ದರೆ ಆಮೇಲೆ ಏರಿಸಿಕೊಳ್ಳಬಹುದು.

ಓದುವುದು

ಓದಲು ಶುರು ಮಾಡುವ ಮೊದಲು, ಉಸಿರೂ ಕೇಳಿಸದ ಹಾಗೆ ಕೂತು ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಇದು ಎರಡು ಕಡೆ ಕೆಲಸಕ್ಕೆ ಬರುತ್ತದೆ. ಗದ್ದಲ ತೆಗೆಯುವಾಗ ಆಡಾಸಿಟಿಗೆ ಮಾದರಿ ಬೇಕು, ಅದು ಇದೇ. ಆಮೇಲೆ ವಾಕ್ಯಗಳ ನಡುವೆ ಬಿಡುವು ಹೆಚ್ಚಿಸಬೇಕಾದಾಗ ಅಲ್ಲಿ ತುಂಬುವುದೂ ಇದನ್ನೇ. ಬರೀ ಶೂನ್ಯ ಮೌನ ತುಂಬಿದರೆ ಹೆಡ್‌ಫೋನ್ ಹಾಕಿದವರಿಗೆ ವಿಡಿಯೊ ನಿಂತೇಹೋಯಿತು ಅನ್ನಿಸುತ್ತದೆ.

ಪೇಪರ್ ಸದ್ದು ಮಾಡುತ್ತದೆ, ಹಾಗಾಗಿ ಸ್ಕ್ರಿಪ್ಟನ್ನು ಟ್ಯಾಬ್ಲೆಟ್‌ನಲ್ಲಿ ಇಟ್ಟುಕೊಂಡು ಓದಿದೆ. ನಾಲಿಗೆ ತೊಡರಿದ ಕಡೆ ರೆಕಾರ್ಡಿಂಗ್ ನಿಲ್ಲಿಸಬೇಕಾಗಿಲ್ಲ. ಒಂದು ಚಿಟಿಕೆ ಹೊಡೆದು ಆ ವಾಕ್ಯವನ್ನು ಮೊದಲಿಂದ ಓದಿದರೆ ಸಾಕು. ಚಿಟಿಕೆ ಬಿದ್ದ ಕಡೆ ಅಲೆಯ ಚಿತ್ರದಲ್ಲಿ ಸೂಜಿಯಂಥ ಗೆರೆ ಏಳುತ್ತದೆ. ಎಡಿಟ್ ಮಾಡುವಾಗ ಪೂರ್ತಿ ಕೇಳುವ ಕೆಲಸ ಇಲ್ಲ, ಗೆರೆ ಕಂಡ ಕಡೆ ಹಿಂದಿನ ವಾಕ್ಯ ಕತ್ತರಿಸುವುದು. ವಾಕ್ಯದ ನಡುವಿನಿಂದ ಮಾತ್ರ ಮತ್ತೆ ಶುರು ಮಾಡಬಾರದು. ಸ್ವರದ ಏರಿಳಿತ ಕೂಡುವುದಿಲ್ಲ, ಹೊಲಿಗೆ ಕಾಣುತ್ತದೆ.

ಯಂತ್ರದ ದನಿಯನ್ನೇ ಬಳಸಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಕನ್ನಡದ ಯಂತ್ರದನಿಗಳು ಈಗ ಚೆನ್ನಾಗಿಯೇ ಓದುತ್ತವೆ. ಆದರೆ "ಸೊನ್ನೆ ಬರೆಯದಿದ್ದರೆ ಉತ್ತರ ತಪ್ಪು ಬರುತ್ತೆ, ಎರರ್ ಬರಲ್ಲ" ಅನ್ನುವಲ್ಲಿ ಒತ್ತು ಎಲ್ಲಿ ಬೀಳಬೇಕು ಎಂದು ಗೊತ್ತಿರುವುದು ಆ ತಪ್ಪಿನಿಂದ ಒದ್ದಾಡಿದವರನ್ನು ಕಂಡವರಿಗೆ. ನನ್ನ ಮಟ್ಟಿಗೆ ಅಷ್ಟು ಸಾಕು.

ದನಿಗೆ ಒಪ್ಪ

ಇಲ್ಲಿ ಕ್ರಮ ಮುಖ್ಯ. ಮೊದಲು ಬೇಡದ್ದನ್ನು ಕತ್ತರಿಸಿದೆ. ಆಮೇಲೆ 80 ಹರ್ಟ್ಸ್‌ಗೆ ಹೈ-ಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ತಗ್ಗಿನ ಸದ್ದನ್ನು ಕತ್ತರಿಸುವ ಜರಡಿ. ಮಾತಿಗೆ ಅದರ ಕೆಳಗೆ ಏನೂ ಕೆಲಸ ಇಲ್ಲ, ಅಲ್ಲಿರುವುದು ಮೇಜಿನ ಅದುರು, ಹೊರಗಿನ ಗಾಡಿಗಳ ಗುಡುಗುಡು. ಆದರೂ ಸಣ್ಣಗೆ ಒಂದು "ಗುಂಯ್" ಉಳಿದಿತ್ತು. ಕರೆಂಟಿನ ಗುಂಯ್ 50 ಅಥವಾ 60 ಹರ್ಟ್ಸ್‌ನಲ್ಲಿ ಶುರುವಾದರೂ ಅದರ ದುಪ್ಪಟ್ಟು, ಮುಪ್ಪಟ್ಟಿನಲ್ಲೂ ಇರುತ್ತದೆ. ಹಾಗಾಗಿ 80ಕ್ಕೆ ಕತ್ತರಿಸಿದರೆ ಪೂರ್ತಿ ಹೋಗುವುದಿಲ್ಲ. ಫಿಲ್ಟರ್ ಹಾಕುತ್ತಾ ಕೂರುವ ಬದಲು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ. ಗುಂಯ್ ಮಾಯ. ಅಲ್ಲಿಂದ ಮುಂದೆ ರೆಕಾರ್ಡಿಂಗ್ ಎಲ್ಲ ಬ್ಯಾಟರಿ ಮೇಲೆಯೇ.

ಗದ್ದಲ ತೆಗೆಯುವ ಉಪಕರಣವನ್ನು ಮೆತ್ತಗೆ ಬಳಸಬೇಕು. ಖಾಲಿ ಕೋಣೆಯ ತುಣುಕನ್ನು ಆರಿಸಿ ನಾಯ್ಸ್ ಪ್ರೊಫೈಲ್ ಕೊಟ್ಟು, ಆಮೇಲೆ ಇಡೀ ಟ್ರ್ಯಾಕ್ ಆರಿಸಿ ಆರೆಂಟು ಡಿಬಿ ಇಳಿಸಿದೆ. 20ರ ಹತ್ತಿರ ಹೋದರೆ ದನಿ ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಅನ್ನತೊಡಗುತ್ತದೆ. ಸ್ವಲ್ಪ ಗಾಳಿಯ ಸದ್ದು ಉಳಿದರೂ ಪರವಾಗಿಲ್ಲ. ಜೋರು ದನಿಗೂ ಮೆಲುದನಿಗೂ ಇರುವ ಅಂತರ ತಗ್ಗಿಸುವ ಕಂಪ್ರೆಸರ್‌ನ ಸರದಿ ಇದಾದ ಮೇಲೆ. ಮೊದಲೇ ಅದನ್ನು ಹಾಕಿದರೆ ಮೆಲ್ಲನೆಯ ಸದ್ದುಗಳೆಲ್ಲ ಮೇಲೆದ್ದು ಗದ್ದಲವೂ ಏರುತ್ತದೆ.

ಕೊನೆಯದು ಒಟ್ಟು ಜೋರು. ಒಂದು ಪಾಠ ಮೆಲ್ಲಗೆ, ಮುಂದಿನದು ಕಿವಿ ಕಿತ್ತುಹೋಗುವಂತೆ ಇದ್ದರೆ ಕಲಿಯುವವರಿಗೆ ಬೇಸರ. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಹೊರತಂದ ಆರ್128 ಶಿಫಾರಸು ಟಿವಿ, ರೇಡಿಯೊಗೆ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಎನ್ನುತ್ತದೆ. ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ ಅದು ಸಾಲದು. ಪಾಡ್‌ಕಾಸ್ಟ್ ಮಂದಿ ಬಳಸುವ ಮೈನಸ್ 16 ಇಟ್ಟುಕೊಂಡೆ. ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೊನೊ ಟ್ರ್ಯಾಕನ್ನು ಎರಡೂ ಕಿವಿಗೆ ಕೊಟ್ಟ ಹಾಗೆ ಲೆಕ್ಕ ಹಾಕುವ ಒಂದು ಟಿಕ್ ಬಾಕ್ಸ್ ಇದೆ. ಅದನ್ನು ಟಿಕ್ ಮಾಡುವುದು ಬಿಡುವುದರಲ್ಲಿ ಮೂರು ಡಿಬಿ ವ್ಯತ್ಯಾಸ ಬರುತ್ತದೆ. ಎಲ್ಲ ಪಾಠಕ್ಕೂ ಒಂದೇ ರೀತಿ ಇರಲಿ.

ಪರದೆ

ಒಬಿಎಸ್‌ನಲ್ಲಿ 1920×1080, ಸೆಕೆಂಡಿಗೆ 30 ಫ್ರೇಮ್. ಕ್ಯಾಲ್ಕ್‌ನಲ್ಲಿ ಜೂಮ್ 150ರಿಂದ 170 ಪ್ರತಿಶತ. ಲ್ಯಾಪ್‌ಟಾಪ್ ಮೇಲೆ ನೋಡಿದರೆ ಇಷ್ಟು ದಪ್ಪ ಯಾಕೆ ಅನ್ನಿಸುತ್ತದೆ. ಮೊಬೈಲ್‌ನಲ್ಲಿ ಒಂದು ಸಲ ನೋಡಿ, ಆಗ ಗೊತ್ತಾಗುತ್ತದೆ. ರೆಕಾರ್ಡಿಂಗ್‌ಗೆಂದೇ ಕಂಪ್ಯೂಟರ್‌ನಲ್ಲಿ ಬೇರೊಂದು ಅಕೌಂಟ್ ಮಾಡಿದೆ. ಡೆಸ್ಕ್‌ಟಾಪ್ ಖಾಲಿ, ನೋಟಿಫಿಕೇಶನ್ ಬಂದ್. ಶೀಟ್‌ನಲ್ಲಿರುವ ಹೆಸರು, ನಂಬರ್ ಎಲ್ಲ ಕಟ್ಟಿದ್ದು, ನಿಜವಾದ ಒಂದು ಸಾಲೂ ಇಲ್ಲ.

ಫೈಲ್ ಮಾದರಿ ಎಂಕೆವಿ. ರೆಕಾರ್ಡ್ ಆಗುತ್ತಿರುವಾಗ ಕಂಪ್ಯೂಟರ್ ಸತ್ತರೂ ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಸಾಮಾನ್ಯ ಎಂಪಿ4 ತನ್ನ ಸೂಚಿಯನ್ನು (ಫೈಲ್‌ನಲ್ಲಿ ಯಾವುದು ಎಲ್ಲಿದೆ ಅನ್ನುವ ಪಟ್ಟಿ) ಕೊನೆಯಲ್ಲಿ ಬರೆಯುವುದರಿಂದ ನಡುವೆ ನಿಂತರೆ ಫೈಲ್ ತೆರೆಯುವುದೇ ಇಲ್ಲ. ಮುಗಿದ ಮೇಲೆ ಒಬಿಎಸ್‌ನ ರೀಮಕ್ಸ್ ಮೆನುವಿನಿಂದ ಎಂಪಿ4 ಮಾಡಿಕೊಳ್ಳಬಹುದು. ಗುಣಮಟ್ಟ ಕಡಿಮೆಯಾಗುವುದಿಲ್ಲ.

ಈಗ ದನಿ ಮೊದಲೇ ಸಿದ್ಧ ಇರುವುದರ ಲಾಭ. ಹೆಡ್‌ಫೋನ್‌ನಲ್ಲಿ ನನ್ನದೇ ಪಾಠ ಓಡುತ್ತಿರುತ್ತದೆ, ಕೈ ಅದರ ಜೊತೆ ಹೋಗುತ್ತದೆ. ಕನ್ನಡ ವಾಕ್ಯ ಇದಕ್ಕೆ ಹೇಳಿ ಮಾಡಿಸಿದ್ದು. "ಮೇಲಿನ ಸಾಲಿನಲ್ಲಿರುವ ಡೇಟಾ ಮೆನು ಮೇಲೆ ಕ್ಲಿಕ್ ಮಾಡಿ" ಅನ್ನುವಾಗ ಜಾಗ ಮೊದಲು ಬರುತ್ತದೆ, ಕೆಲಸ ಕೊನೆಗೆ. "ಮೇಲಿನ ಸಾಲು" ಅನ್ನುವಷ್ಟರಲ್ಲಿ ಮೌಸ್ ಹೊರಡಬೇಕು. "ಡೇಟಾ" ಅನ್ನುವಾಗ ಅಲ್ಲಿ ನಿಂತಿರಬೇಕು. "ಮಾಡಿ" ಮುಗಿದ ಮೇಲೆಯೇ ಕ್ಲಿಕ್. ಮೊದಲೇ ಒತ್ತಿಬಿಟ್ಟರೆ ಮೆನು ತೆರೆದುಕೊಂಡು, ಎಲ್ಲಿ ಒತ್ತಬೇಕು ಅನ್ನುವುದನ್ನೇ ಮುಚ್ಚಿಬಿಡುತ್ತದೆ. ಕ್ಲಿಕ್ ಆದ ಮೇಲೆ ಮೌಸನ್ನು ಸುಮ್ನೆ ಬಿಡಬೇಕು. ಗಾಳಿಯಲ್ಲಿ ವೃತ್ತ ಬರೆಯುವ ಅಭ್ಯಾಸ ಬಹಳ ಜನಕ್ಕಿದೆ, ನೋಡುವವರಿಗೆ ತಲೆನೋವು.

ಇನ್ನೊಂದು ಉಪಾಯ. ಒಬಿಎಸ್‌ನಲ್ಲಿ ಡೆಸ್ಕ್‌ಟಾಪ್ ಆಡಿಯೊ ಆನ್ ಇಟ್ಟರೆ, ಹೆಡ್‌ಫೋನ್‌ನಲ್ಲಿ ಓಡುತ್ತಿರುವ ದನಿಯೂ ವಿಡಿಯೊ ಜೊತೆ ದಾಖಲಾಗುತ್ತದೆ. ಆಮೇಲೆ ಕೆಡೆನ್‌ಲೈವ್‌ನಲ್ಲಿ ಶುದ್ಧ ಮಾಡಿದ ದನಿಯನ್ನು ರೆಫರೆನ್ಸ್ ಅಂತ ಗುರುತಿಸಿ, ವಿಡಿಯೊದ ದನಿಯನ್ನು ಅದಕ್ಕೆ ಅಲೈನ್ ಮಾಡಿದರೆ ಎರಡೂ ತಾವೇ ಕೂಡಿಕೊಳ್ಳುತ್ತವೆ. ವಿಡಿಯೊದ ದನಿಯನ್ನು ಮ್ಯೂಟ್ ಮಾಡಿದರೆ ಆಯಿತು.

ಕೊನೆಗೆ ಹೋಗುತ್ತಾ ಜಾರಿದ ದನಿ

ಒಂದು ಪಾಠಕ್ಕೆ ಪರದೆ ಸಾಲದಾಗಿತ್ತು. ಸಾಮಾನು ಎಣಿಸಿ ಶೀಟಿಗೆ ತುಂಬುವುದನ್ನು ತೋರಿಸಬೇಕಿತ್ತು. ಸಹೋದ್ಯೋಗಿಯೊಬ್ಬರು ಮಾತಾಡುತ್ತಾ ಎಣಿಸುವುದನ್ನು ಮೊಬೈಲ್‌ನಲ್ಲಿ ಹಿಡಿದು, ದನಿಯನ್ನು ಬೇರೆ ಮೈಕ್‌ನಲ್ಲಿ ತೆಗೆದೆವು. ಟೈಮ್‌ಲೈನ್‌ನಲ್ಲಿ ಕೂರಿಸಿದರೆ ಶುರುವಿನಲ್ಲಿ ತುಟಿ, ಮಾತು ಸರಿಯಾಗಿ ಕೂಡುತ್ತಿದ್ದವು. ಕೊನೆಗೆ ಹೋಗುವಷ್ಟರಲ್ಲಿ ಮಾತು ಹಿಂದೆ ಬಿದ್ದಿತ್ತು.

ಇಂಥಲ್ಲಿ ಮೊದಲು ನೋಡಬೇಕಾದ್ದು ಅಂತರ ಬೆಳೆಯುತ್ತಿದೆಯಾ ಅನ್ನುವುದನ್ನು. ಶುರುವಿನಿಂದ ಕೊನೆವರೆಗೂ ಒಂದೇ ಅಂತರ ಇದ್ದರೆ ಸುಮ್ನೆ ತಳ್ಳಿದರೆ ಸರಿಹೋಗುತ್ತದೆ. ಬೆಳೆಯುತ್ತಾ ಹೋದರೆ ಗಡಿಯಾರಗಳೇ ಬೇರೆ. 48,000ದ ದನಿಯನ್ನು ಯಾವುದೋ ಸಾಫ್ಟ್‌ವೇರ್ 44,100 ಅಂತ ಓದಿದರೂ ಹೀಗಾಗುತ್ತದೆ, ಆದರೆ ಆಗ ಸುಮಾರು ಶೇ. 8ರಷ್ಟು ನಿಧಾನವಾಗಿ ದನಿ ದಪ್ಪ ಕೇಳುತ್ತದೆ. ಇಲ್ಲಿ ದನಿ ಸರಿಯಾಗೇ ಇತ್ತು. ಉಳಿದ ಅನುಮಾನ ಮೊಬೈಲ್ ಮೇಲೆ. ಬಹುಪಾಲು ಮೊಬೈಲ್‌ಗಳು ಫ್ರೇಮ್‌ಗಳನ್ನು ಒಂದೇ ವೇಗದಲ್ಲಿ ಹಿಡಿಯುವುದಿಲ್ಲ, ಬೆಳಕು ಕಡಿಮೆಯಾದರೆ ಹಿಗ್ಗಿಸುತ್ತವೆ. ಎಡಿಟರ್ ಮಾತ್ರ ಸಮವಾಗಿದೆ ಎಂದುಕೊಂಡು ಲೆಕ್ಕ ಹಾಕುತ್ತದೆ. ವಿಡಿಯೊ ಮಾದರಿ ಬದಲಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನಲ್ಲಿ ಫೈಲ್ ಹಾಕಿ, 30 ಫ್ರೇಮ್, ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಮತ್ತೆ ತೆಗೆದೆ. ಮಾತು ಕೊನೆಯವರೆಗೂ ತುಟಿ ಬಿಡಲಿಲ್ಲ. ಈಗ ಮೊಬೈಲ್‌ನಿಂದ ಬಂದದ್ದೆಲ್ಲ ಮೊದಲು ಹ್ಯಾಂಡ್‌ಬ್ರೇಕ್ ಹಾದುಬರುತ್ತದೆ.

ಅಕ್ಷರಗಳು

ಪಾಠದ ಶೀರ್ಷಿಕೆಗಳಲ್ಲಿ ಕನ್ನಡ ಕೈಕೊಡುವುದು ಹಳೆಯ ಕತೆ. ಮೊದಲು ಪ್ರಯತ್ನಿಸಿದ ಇನ್ನೊಂದು ಎಡಿಟರ್‌ನಲ್ಲಿ "ಲೆಕ್ಕ" ಎಂದು ಬರೆದರೆ "ಲೆಕ್‌ಕ" ಎಂದು ಬಂತು. ಅಕ್ಷರಗಳನ್ನು ಜೋಡಿಸಿ ಒತ್ತಕ್ಷರ ಮಾಡುವ ಯಂತ್ರಾಂಗ ಅದರಲ್ಲಿ ಇರಲಿಲ್ಲ. ಫಾಂಟ್ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಕೆಡೆನ್‌ಲೈವ್‌ನಲ್ಲಿ ಈ ತೊಂದರೆ ಕಾಣಲಿಲ್ಲ. ಬೇರೆ ಎಡಿಟರ್ ಬಳಸುವವರು ಶೀರ್ಷಿಕೆಯನ್ನು ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತಂದು ಕೂರಿಸಬಹುದು. ನಾನು ಬಳಸಿದ ಫಾಂಟ್ ನೋಟೊ ಸಾನ್ಸ್ ಕನ್ನಡ. ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಟಿಪ್ಪಣಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಬರುವುದು ಬರೀ ಗೀಚು.

ಸಬ್‌ಟೈಟಲ್ ಬೇರೆ ಎಸ್‌ಆರ್‌ಟಿ ಫೈಲ್ ಆಗಿ ಇಟ್ಟೆ. ಪರದೆ ಮೇಲೆ ವಾಕ್ಯ ಬೇಡ ಅಂತ ಮೇಲೆ ಹೇಳಿದ್ದೆ. ಆದರೆ ಕಿವಿ ಕೇಳದವರಿಗೆ, ಸದ್ದು ಮಾಡಲಾಗದ ಜಾಗದಲ್ಲಿ ನೋಡುವವರಿಗೆ ಅದು ಬೇಕೇ ಬೇಕು. ಬೇರೆ ಫೈಲ್ ಆದರೆ ಬೇಕಾದವರು ಆನ್ ಮಾಡಿಕೊಳ್ಳುತ್ತಾರೆ. ಸ್ಕ್ರಿಪ್ಟ್ ಮೊದಲೇ ಇದ್ದದ್ದರಿಂದ ಹೊಸದಾಗಿ ಟೈಪ್ ಮಾಡುವ ಕೆಲಸ ಇರಲಿಲ್ಲ, ಸಮಯ ಕೂರಿಸುವುದಷ್ಟೇ. ಫೈಲನ್ನು ಯುಟಿಎಫ್-8 ಆಗಿಯೇ ಸೇವ್ ಮಾಡಬೇಕು, ಇಲ್ಲವಾದರೆ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು. ಎಸ್‌ಆರ್‌ಟಿಯಲ್ಲಿ ಸೆಕೆಂಡ್ ಆದ ಮೇಲೆ ಅಲ್ಪವಿರಾಮ, ವೆಬ್ ಪುಟಗಳ ಸಬ್‌ಟೈಟಲ್ ಮಾದರಿ ವೆಬ್‌ವಿಟಿಟಿಯಲ್ಲಿ ಚುಕ್ಕೆ. ಒಂದನ್ನು ಇನ್ನೊಂದಕ್ಕೆ ಬದಲಿಸುವಾಗ ಇಷ್ಟಕ್ಕೇ ಸಬ್‌ಟೈಟಲ್ ಕಾಣದೆ ಹೋಗಬಹುದು.

ಫೈಲ್ ತೆಗೆಯುವುದು, ಮತ್ತೆ ತಿದ್ದುವುದು

ಚಿತ್ರ ಕುಗ್ಗಿಸುವ ಮಾದರಿ ಎಚ್.264, ದನಿಯದು ಎಎಸಿ. ಎಚ್.264 ಫೈಲ್ ಮಾಡುವ ಎಕ್ಸ್264ನಲ್ಲಿ ಗುಣಮಟ್ಟದ ಸಂಖ್ಯೆ ಸಿಆರ್‌ಎಫ್, ಸುಮ್ನೆ ಬಿಟ್ಟರೆ 23. ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಜಾಸ್ತಿ, ಫೈಲೂ ದಪ್ಪ. ಸಣ್ಣ ಅಕ್ಷರ ಇರುವ ಪರದೆಗೆ 20 ಇಟ್ಟೆ. ಪರದೆ ಹೆಚ್ಚು ಹೊತ್ತು ಅಲುಗದೆ ಇರುವುದರಿಂದ ಫೈಲ್ ಅಷ್ಟೇನೂ ಊದಿಕೊಳ್ಳುವುದಿಲ್ಲ. ಒಂದು ವಿಷಯ ಮಾತ್ರ ಕಣ್ಣಿಗೆ ರಾಚುವಂತಿತ್ತು. ತೆಳ್ಳನೆಯ ಕೆಂಪು ಅಕ್ಷರಗಳು ಕಲಸಿಹೋಗುತ್ತವೆ. ಎಲ್ಲ ಫೋನ್‌ಗಳಲ್ಲೂ ಓಡುವ 4:2:0 ಮಾದರಿಯಲ್ಲಿ ಬೆಳಕಿನ ವಿವರ ಪೂರ್ತಿ ಇರುತ್ತದೆ, ಬಣ್ಣದ ವಿವರ ಕಾಲುಭಾಗ ಮಾತ್ರ. ಹಾಗಾಗಿ ಶೀಟಿನ ಕೆಂಪು ಅಂಕಿಗಳನ್ನು ಕಪ್ಪು ಮಾಡಿ, ಸೆಲ್‌ಗೆ ತಿಳಿ ಬಣ್ಣ ತುಂಬಿದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಫಾಸ್ಟ್‌ಸ್ಟಾರ್ಟ್ ಕೊಡುವುದನ್ನು ಮರೆಯಬೇಡಿ. ಅದು ಎಂಪಿ4ನ ಸೂಚಿಯನ್ನು ಮೊದಲಿಗೆ ತರುತ್ತದೆ, ಪೂರ್ತಿ ಡೌನ್‌ಲೋಡ್ ಆಗುವ ಮೊದಲೇ ಪಾಠ ಶುರುವಾಗುತ್ತದೆ.

ಕೋರ್ಸ್ ಇರುವುದು ಆನ್‌ಲೈನ್ ಪಾಠ ನಡೆಸುವ ಮೂಡಲ್ ಮೇಲೆ. ವಿ-ಲುಕಪ್ ಪಾಠದ ನಡುವೆ ವಿಡಿಯೊಗೆ ಪ್ರಶ್ನೆ ಸೇರಿಸುವ ಉಪಕರಣ ಎಚ್5ಪಿಯಿಂದ ಒಂದು ಪ್ರಶ್ನೆ ಇಟ್ಟೆ. ವಿಡಿಯೊ ನಿಲ್ಲುತ್ತದೆ, ನಾಲ್ಕನೇ ಜಾಗದಲ್ಲಿ ಏನು ಬರೆಯುತ್ತೀರಿ ಎಂದು ಕೇಳುತ್ತದೆ. ಪ್ರಶ್ನೆ ಬೀಳುವ ಜಾಗದಲ್ಲಿ ದನಿಗೆ ಒಂದೆರಡು ಸೆಕೆಂಡ್ ಬಿಡುವು ಬೇಕು, ಇಲ್ಲದಿದ್ದರೆ ಮಾತಿನ ಬಾಲ ಕತ್ತರಿಸಿದ ಹಾಗೆ ಕೇಳುತ್ತದೆ. ಆ ಬಿಡುವಿಗೆ ಖಾಲಿ ಕೋಣೆಯ ಅದೇ ಸದ್ದು.

ಸಾಫ್ಟ್‌ವೇರ್ ಹೊಸ ಆವೃತ್ತಿಗೆ ಹೋದಾಗ ಮೆನು ಜಾಗ ಬದಲಾಗುತ್ತದೆ, ಪಾಠ ಹಳತಾಗುತ್ತದೆ. ಅದಕ್ಕೇ ಪ್ರತಿ ಪಾಠವನ್ನು ಸ್ಕ್ರಿಪ್ಟಿನ ಪ್ಯಾರಾ ಪ್ರಕಾರ ತುಂಡು ಮಾಡಿ, ದನಿಯದೂ ಪರದೆಯದೂ ಬೇರೆ ಬೇರೆ ಫೈಲ್ ಇಟ್ಟಿದ್ದೇನೆ. ಎರಡಕ್ಕೂ ಒಂದೇ ನಂಬರ್. ಮೆನು ಬದಲಾದರೆ ಆ ಒಂದು ತುಂಡಿನ ಪರದೆ ಮಾತ್ರ ಮತ್ತೆ ಹಿಡಿದರೆ ಸಾಕು, ದನಿ ಮುಟ್ಟಬೇಕಾಗಿಲ್ಲ. ದನಿಯನ್ನೇ ಬದಲಿಸಬೇಕಾದರೆ ಮೈಕ್ ಎಷ್ಟು ದೂರ ಇತ್ತು, ಗೇನ್ ಎಷ್ಟಿತ್ತು, ಬೀರು ಬಾಗಿಲು ತೆಗೆದಿತ್ತಾ ಎಲ್ಲ ಸ್ಕ್ರಿಪ್ಟ್ ಹಾಳೆಯ ತಲೆಯಲ್ಲೇ ಬರೆದಿದೆ. ಒಂದೇ ವಾಕ್ಯ ಹೊಸದಾಗಿ ಓದುವುದಾದರೂ ಹಿಂದಿನ ಪ್ಯಾರಾವನ್ನು ಹೆಡ್‌ಫೋನ್‌ನಲ್ಲಿ ಕೇಳಿಕೊಂಡು, ಅದೇ ಓಟದಲ್ಲಿ ಮುಂದುವರಿಸಿ ಓದಬೇಕು. ಆಗ ಸ್ವರ ಕೂಡುತ್ತದೆ. ಪಿವಟ್ ಟೇಬಲ್ ಪಾಠದ ಸ್ಕ್ರಿಪ್ಟ್ ಈಗ ಸಿದ್ಧ ಇದೆ. ಅದರಲ್ಲೂ ಬಲಗಡೆ ಕಾಲಮ್ ಖಾಲಿ ಇರುವ ಸಾಲುಗಳು ಕೆಲವು ಉಳಿದಿವೆ, ಅವನ್ನು ಕಿತ್ತ ಮೇಲೆ ಮೈಕ್ ಆನ್ ಮಾಡುವುದು.